ಬಾವಿ ಎಷ್ಟು ಆಳ ಇತ್ತು ಅಂತ ಬರೀರಿ

ನಮಸ್ಕಾರ. ಸಾಗರದಿಂದ ಮಾತಾಡ್ತಾ ಇದ್ದೇನೆ. ಹಿಂದಿನಿಂದ ಸದ್ದು ಕೇಳಿಸಿದರೆ ಅದು ಹಂಚಿನ ಮೇಲೆ ಬೀಳುವ ಮಳೆ. ನಿಲ್ಲಲಿ ಅಂತ ಕಾಯ್ತಾ ಕೂತರೆ ಈ ಮಾತು ಆಡೋದಕ್ಕೇ ಆಗೋದಿಲ್ಲ.

2025ರ ಜುಲೈ 14ಕ್ಕೆ ನಮ್ಮ ತಾಲ್ಲೂಕಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತು. ಶರಾವತಿ ಹಿನ್ನೀರಿನ ಮೇಲೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ. ಸಿಗಂದೂರಿಗೆ ಬಂದವರೆಲ್ಲ ಈಗ ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ತಾರೆ. ಸಂತೋಷ. ಆದರೆ ಆಗಿನಿಂದ ಒಂದು ವಿಚಾರ ನನ್ನನ್ನು ಕಾಡ್ತಾ ಇದೆ. ಸೇತುವೆ ಆದ ಮೇಲೆ ನಮ್ಮ ಕಡೆಯ ಬರೆಯುವವರು ಹೆಚ್ಚಾಗಿ ಬರೆದದ್ದು ಲಾಂಚ್ ಬಗ್ಗೆ. ಹೊಳೆಬಾಗಿಲಿನ ಲಾಂಚ್, ಅದರ ಕಟಕಟ ಸದ್ದು, ಒಂದೇ ಹಲಗೆಯ ಮೇಲೆ ಬಸ್ಸು, ಜೀಪು, ದನ, ಮದುವೆ ದಿಬ್ಬಣ. ನಾನೂ ಬರೆದೆ. ನಾಲ್ಕು ಜನ ಚೆನ್ನಾಗಿದೆ ಅಂದರು.

ಆಮೇಲೆ ಹಿನ್ನೀರಿನ ಆಚೆ ದಡದ ತುಮರಿ ಕಡೆಯ ಒಬ್ಬ ಹೆಣ್ಣುಮಗಳು ಪೇಟೆಯಲ್ಲಿ ಸಿಕ್ಕಿ, "ಮೇಷ್ಟ್ರೇ, ನೀವು ಲಾಂಚ್ ಹತ್ತಿದ್ದು ನೋಡೋಕೆ. ನಾವು ಹತ್ತಿದ್ದು ಬೇರೆ ದಾರಿ ಇಲ್ಲದ್ದಕ್ಕೆ" ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಕೈಯಲ್ಲಿ ತರಕಾರಿ ಚೀಲ ಇತ್ತು, ಹೇಳಿ ಹೊರಟುಹೋದರು. ಸಂಜೆ ಲಾಂಚ್ ನಿಂತ ಮೇಲೆ ಆ ದಡದಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ನಿಟ್ಟೂರು, ಹೊಸನಗರ ಸುತ್ತಿ ಬರಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸೋದನ್ನೇ ನಿಲ್ಲಿಸ್ತಿದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿಗೆಲ್ಲ ದೀಪ ಹತ್ತಿತು. ಹಿನ್ನೀರಿನ ಆಚೆ ಉಳಿದವರಿಗೆ ರಸ್ತೆ ಸಿಗಲು ಅರವತ್ತು ವರ್ಷ ಹಿಡಿಯಿತು. ಅಷ್ಟು ವರ್ಷ ಕಾದವರ ಮುಂದೆ ನಾನು ಲಾಂಚಿನ ಚೆಂದ ಹಾಡಿದ್ದೆ. ಆ ಬರಹವನ್ನು ನಾನು ಮತ್ತೆ ಎಲ್ಲೂ ಕೊಡಲಿಲ್ಲ.

ಹಾಗಾದರೆ ನನ್ನಂಥವನು ಏನು ಬರೀಬೇಕು? ಇದೇ ಇವತ್ತಿನ ಮಾತು.

ಸಣ್ಣ ಊರಲ್ಲಿ "ಇವರು ಬರೀತಾರೆ" ಅಂತ ಒಂದು ಸಲ ಗೊತ್ತಾದರೆ ಸಾಕು, ಜನ ಮನೆಗೆ ಬರ್ತಾರೆ. ಕತೆ, ಕವನ ಕೇಳೋಕಲ್ಲ, ಅರ್ಜಿ ಬರೆಸೋಕೆ. ಪಿಂಚಣಿ ನಿಂತಿದೆ, ಪಹಣಿಯಲ್ಲಿ ಹೆಸರು ತಪ್ಪಾಗಿದೆ, ಲೈನ್ ಕಂಬ ವಾಲಿದೆ. ವಯಸ್ಸಿದ್ದಾಗ ನನಗೆ ಇದು ಹಿಂಸೆ ಅನ್ನಿಸ್ತಿತ್ತು. ನಾನು ಸಾಹಿತ್ಯ ಮಾಡೋನು, ನನ್ನನ್ನು ಅರ್ಜಿ ಬರೆಯೋ ಗುಮಾಸ್ತ ಮಾಡಿದಾರಲ್ಲ ಅಂತ ಒಳಗೊಳಗೇ ಬೇಸರ. ಈಗ ಹಾಗಿಲ್ಲ. ನನ್ನ ಊರಿನ ಚರಿತ್ರೆಯನ್ನು ನೋಡಿದರೆ, ಇಲ್ಲಿ ಬದುಕು ಬದಲಾಯಿಸಿದ ಬರವಣಿಗೆ ಅಂದರೆ ಅರ್ಜಿಯೇ.

1951ರ ಕಾಗೋಡು ಸತ್ಯಾಗ್ರಹ ನಿಮಗೆ ಗೊತ್ತಿರುತ್ತೆ. ಸಾಗರದ ಪಕ್ಕದ ಹಳ್ಳಿ. ಗಲಾಟೆ ಹತ್ತಿದ್ದು ಗೇಣಿ ಅಳೆಯುವ ಕೊಳಗದ ಅಳತೆಯಿಂದ: ಜಮೀನು ಒಡೆಯರ ಕೊಳಗ ದೊಡ್ಡದು ಅನ್ನೋದು ಗೇಣಿದಾರರ ದೂರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದನ್ನು ನಾವು ಭಾಷಣಗಳಲ್ಲಿ ಹೇಳ್ತೇವೆ. ಹೇಳದೇ ಬಿಡುವ ಭಾಗ ಒಂದಿದೆ. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಜಾರಿಗೆ ಬಂದಾಗ, ಜಮೀನು ಸಿಗಬೇಕಾದರೆ ಗೇಣಿದಾರ ತಾನೇ ಏಳನೇ ನಂಬರ್ ಫಾರಂ ತುಂಬಿ ಕೊಡಬೇಕಿತ್ತು. ನಮ್ಮ ಕಡೆ ಈಗಲೂ "ಡಿಕ್ಲರೇಷನ್ ಕೊಟ್ಟಿದ್ರು" ಅಂತಾರೆ. ಉಳುವವನೇ ಹೊಲದೊಡೆಯ ಅನ್ನೋದು ಘೋಷಣೆ. ಆದರೆ ಒಡೆತನ ಬಂದದ್ದು ಆ ಫಾರಂ ಮೇಲೆ. ಸರ್ವೆ ನಂಬರ್, ಎಕರೆ, ಗುಂಟೆ ಸರಿಯಾಗಿ ಬರೆದುಕೊಟ್ಟ ಯಾರೋ ಒಬ್ಬ ಶಾಲೆ ಮಾಸ್ತರ, ಯಾರೋ ಓದಿದ ಹುಡುಗ, ಅವರ ಹೆಸರು ಎಲ್ಲೂ ಇಲ್ಲ. ಒಡೆಯರ ಹೆದರಿಕೆಗೋ, ದಾಕ್ಷಿಣ್ಯಕ್ಕೋ ಡಿಕ್ಲರೇಷನ್ ಕೊಡದೇ ಹೋದ ಮನೆಗಳೂ ಇದ್ದವು. ಹಾಗೆ ಜಮೀನು ಕಳಕೊಂಡವರ ಮೊಮ್ಮಕ್ಕಳನ್ನು ನಾನು ಪಾಠ ಹೇಳುವಾಗ ಕಂಡಿದ್ದೇನೆ.

ಈಗ ಮುಳುಗಡೆಯವರ ವಿಷಯಕ್ಕೆ ಬರ್ತೇನೆ. ಶರಾವತಿ ನೀರು ನಿಂತಾಗ ಎದ್ದು ಹೋದವರನ್ನು ಲಾರಿಗೆ ತುಂಬಿ ಬೇರೆ ಬೇರೆ ಕಾಡುಗಳಲ್ಲಿ ಇಳಿಸಿದರು. ಸರ್ಕಾರವೇ ಇಳಿಸಿದ್ದು. ಆದರೆ ಇಳಿಸಿದ ಜಾಗ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಆಮೇಲೆ ಅರಣ್ಯ ಜಮೀನು ಬಿಡಿಸಿಕೊಡಬೇಕಾದರೆ ಕೇಂದ್ರದ ಅನುಮತಿ ಬೇಕು. ಅನುಮತಿ ಇಲ್ಲದೆ ರಾಜ್ಯ ಕೊಟ್ಟ ಆದೇಶಗಳು ಕೋರ್ಟಿನಲ್ಲಿ ನಿಲ್ಲಲಿಲ್ಲ. ಇನ್ನೊಂದು ದಾರಿ 2006ರ ಅರಣ್ಯ ಹಕ್ಕು ಕಾಯ್ದೆ. ಅದರಲ್ಲಿ ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯವನ್ನು ನಂಬಿ ಅಲ್ಲಿ ಬದುಕಿದ್ದಕ್ಕೆ ಸಾಕ್ಷಿ ಕೊಡಬೇಕು. ಲೆಕ್ಕ ಹಾಕಿ. 1930ರ ಹೊತ್ತಿನಿಂದ. ಅರವತ್ತರ ದಶಕದಲ್ಲಿ ಸರ್ಕಾರದ ಲಾರಿಯಲ್ಲಿ ಬಂದಿಳಿದವರು 1930ರಲ್ಲಿ ಆ ಜಾಗದಲ್ಲಿ ಇದ್ದೆವು ಅಂತ ಎಲ್ಲಿಂದ ತೋರಿಸಬೇಕು? ಅವರು ಇದ್ದ ಊರು ನೀರಿನಡಿ ಇದೆ.

ಇದನ್ನು ಹೇಳುವಾಗೆಲ್ಲ ನನಗೆ ಗಂಟಲು ಕಟ್ಟುತ್ತೆ.

ಆದರೆ ಅದೇ ಕಾಯ್ದೆಯ ನಿಯಮಗಳಲ್ಲಿ ಒಂದು ಸಾಲು ಇದೆ. ಅದನ್ನು ಓದಿದ ದಿನ ನಾನು ಕುರ್ಚಿಯಿಂದ ಎದ್ದು ನಿಂತೆ. ಸಾಕ್ಷಿ ಅಂತ ಏನೇನು ಒಪ್ಪಬಹುದು ಅನ್ನೋ ಪಟ್ಟಿಯಲ್ಲಿ ಸರ್ಕಾರಿ ಕಾಗದಗಳ ಜೊತೆಗೆ ಹಳೇ ಬಾವಿ, ಸ್ಮಶಾನ, ಪೂಜೆಯ ಜಾಗ, ವಂಶಾವಳಿ ಇವೆಲ್ಲ ಇವೆ. ಅದರ ಜೊತೆ ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರಹಕ್ಕೆ ಇಳಿಸಿದ ಹೇಳಿಕೆಯೂ ಇದೆ. ಗಮನಿಸಿ: ನನ್ನ ಅರ್ಜಿಗೆ ನಾನು ಸಾಕ್ಷಿ ಅಲ್ಲ. ನನ್ನ ಪಕ್ಕದ ಮನೆಯ ಅಜ್ಜ ಸಾಕ್ಷಿ. ಅವನ ಮನೆಗೆ ಇನ್ನೊಬ್ಬ ಅಜ್ಜಿ. ನೆರೆಹೊರೆಯವರು ಒಬ್ಬರನ್ನೊಬ್ಬರು ನೆನಪಿಟ್ಟುಕೊಂಡಿದ್ದರೆ ಮಾತ್ರ ಇದು ಆಗೋದು. ಆ ನೆನಪನ್ನು ಯಾರಾದರೂ ಬರೆದರೆ ಮಾತ್ರ ಅದು ಅರಣ್ಯ ಹಕ್ಕು ಸಮಿತಿಯ ಮೇಜಿಗೆ ಹೋಗೋದು. ಅಷ್ಟರಿಂದಲೇ ಹಕ್ಕುಪತ್ರ ಬಂದುಬಿಡುತ್ತೆ ಅಂತ ನಾನು ಯಾರಿಗೂ ಆಸೆ ಹುಟ್ಟಿಸೋದಿಲ್ಲ. ಆದರೆ ಬರೆಯದೇ ಇದ್ದರೆ ಆ ಅವಕಾಶವೂ ಇಲ್ಲ.

ಮುಳುಗಡೆಯನ್ನು ಕಣ್ಣಾರೆ ಕಂಡವರಿಗೆ ಈಗ ಎಪ್ಪತ್ತೈದು, ಎಂಬತ್ತು ವರ್ಷ. ಪ್ರತಿ ಮಳೆಗಾಲದಲ್ಲಿ ಒಬ್ಬಿಬ್ಬರು ಹೋಗಿರ್ತಾರೆ.

ಮೊನ್ನೆ ಒಬ್ಬ ಅಜ್ಜ ಬಂದಿದ್ದರು. ಹೆಗಲ ಮೇಲೆ ಟವೆಲ್ಲು, ಕಂಕುಳಲ್ಲಿ ಪ್ಲಾಸ್ಟಿಕ್ ಕವರು. ಒಳಗೆ ಮಡಿಸಿ ಮಡಿಸಿ ಮಡಿಕೆಯಲ್ಲೇ ಹರಿದ ಒಂದು ಕಂದಾಯ ರಸೀದಿ. ಅದರ ಮೇಲೆ ಊರಿನ ಹೆಸರಿನ ಅರ್ಧ ಮಾತ್ರ ಉಳಿದಿದೆ. ಬಂದದ್ದು ತಮಗಾಗಿ ಅಲ್ಲ. ಹಳೇ ಊರಲ್ಲಿ ಪಕ್ಕದಲ್ಲಿದ್ದ ಮನೆಯವರಿಗೆ ಹೇಳಿಕೆ ಕೊಡೋಕೆ. ಆ ಮನೆಯವರ ಜೊತೆ ಅವರಿಗೆ ಬೇಲಿ ವಿಷಯಕ್ಕೆ ಮಾತು ಬಿಟ್ಟು ಹೋಗಿತ್ತಂತೆ. "ಜಗಳ ಜಗಳದ್ದು ಮೇಷ್ಟ್ರೇ. ಅವರು ಅಲ್ಲಿದ್ದದ್ದು ಸುಳ್ಳಾ? ನಾನೇ ಹೇಳ್ದಿದ್ರೆ ಯಾರು ಹೇಳ್ತಾರೆ?"

ನಾನು ಬರೆಯೋಕೆ ಕೂತೆ. ಅಭ್ಯಾಸಬಲ ನೋಡಿ, ಮೊದಲ ಸಾಲನ್ನೇ "ಹಸಿರು ಕಾಡಿನ ಮಡಿಲಲ್ಲಿದ್ದ ಸುಂದರ ಊರು" ಅಂತ ಶುರು ಮಾಡಿ ಅವರಿಗೆ ಓದಿ ಹೇಳಿದೆ. ಅವರು ಕೈ ಅಡ್ಡ ಮಾಡಿದರು. "ಸುಂದರ ಅಂತೆಲ್ಲ ಬೇಡ ಮೇಷ್ಟ್ರೇ. ಬಾವಿ ಎಷ್ಟು ಆಳ ಇತ್ತು ಅಂತ ಬರೀರಿ. ಹದಿನಾಲ್ಕು ಕೋಲು. ಮನೆ ಮುಂದೆ ಎರಡು ಹಲಸು: ಒಂದು ಬಕ್ಕೆ ಜಾತಿ, ಒಂದು ಅಂಬಲಿ ಜಾತಿ. ಭೂತನ ಕಲ್ಲು ತೋಟದ ತಲೆಗೆ. ಅದನ್ನ ಬರೀರಿ." ನಾನು ಹೊಡೆದುಹಾಕಿ ಬರೆದೆ. ಎರಡು ಪುಟ ಆಯ್ತು. ಮೂವತ್ತು ವರ್ಷದಲ್ಲಿ ನಾನು ಬರೆದ ಒಳ್ಳೆಯ ಗದ್ಯ ಅದೇ ಅಂತ ನನ್ನ ನಂಬಿಕೆ.

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಸಣ್ಣ ಊರಿನ ಕನ್ನಡ ಲಂಡನ್ನಿಗೆ ಹೋಯ್ತು ಅಂದೆವು. ನನಗೆ ಅದರಲ್ಲಿ ಮುಖ್ಯ ಅನ್ನಿಸಿದ್ದು ಇನ್ನೊಂದು. ಅವರು ಹಾಸನದಲ್ಲಿ ವಕೀಲರು. ನೊಂದವರ ಮಾತನ್ನು ಕೇಳಿ ಕಾಗದಕ್ಕಿಳಿಸೋದು ಅವರ ವೃತ್ತಿಯಲ್ಲೇ ಇತ್ತು.

ಈಗ ಶರಾವತಿಯ ಮೇಲೆ ಮತ್ತೊಂದು ಯೋಜನೆ ಬಂದಿದೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್. ವಿದ್ಯುತ್ ಬೇಡಿಕೆ ಕಮ್ಮಿ ಇದ್ದಾಗ ಕೆಳಗಿನ ನೀರನ್ನು ಮೇಲೆತ್ತೋದು, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯೋದು. ಸಿಂಗಳೀಕ ಇರುವ ಕಾಡಿನ ಕೆಳಗೆ ಸುರಂಗ. ನಾನು ಇದಕ್ಕೆ ವಿರೋಧ ಇದ್ದೇನೆ, ಮುಚ್ಚಿಡೋದಿಲ್ಲ. ಒಂದು ನದಿಯಿಂದ ಒಂದು ನಾಡು ಎಷ್ಟು ಸಲ ಕೇಳಬೇಕು? ಮೊದಲ ಸಲ ಕೇಳಿದ್ದರ ಬಾಕಿಯೇ ತೀರಿಲ್ಲ. ಆದರೆ ಇದರಲ್ಲೂ ನನ್ನ ಕೋರಿಕೆ ಅದೇ. ಅಹವಾಲು ಸಭೆಗಳಲ್ಲಿ ಕೂಗಿದವರ ಧ್ವನಿ ಅಲ್ಲೇ ಗಾಳಿಗೆ ಹೋಗುತ್ತೆ, ಬರೆದು ಕೊಟ್ಟ ಆಕ್ಷೇಪಣೆ ಕಡತಕ್ಕೆ ಸೇರುತ್ತೆ. ನಿಮ್ಮ ತೋಟದ ಅಬ್ಬಿ ನೀರು ಯಾವ ತಿಂಗಳವರೆಗೆ ಬರುತ್ತೆ, ಗುಡ್ಡ ಎಲ್ಲಿ ಜರಿದಿದೆ, ಯಾವ ವರ್ಷ. ಅದು ನಿಮಗೆ ಗೊತ್ತು, ಬೆಂಗಳೂರಿನಿಂದ ಬಂದ ತಜ್ಞರಿಗೆ ಗೊತ್ತಿಲ್ಲ. ಬರೆಯೋಕೆ ಬರೋದಿಲ್ಲ ಅಂದರೆ ಊರಲ್ಲಿ ಬರೆಯೋನು ಒಬ್ಬ ಇದ್ದೇ ಇರ್ತಾನೆ, ಅವನ ಮನೆ ಬಾಗಿಲು ಬಡೀರಿ. ಮತ್ತೆ, ಬರೆಯುವ ಗೆಳೆಯರೇ, ಬಾಗಿಲು ತೆಗೀರಿ.

ಅಜ್ಜನ ಹೇಳಿಕೆಯ ಪ್ರತಿ ನನ್ನ ಹತ್ತಿರ ಇದೆ. ಕೊನೆಗೆ ಹೆಬ್ಬೆಟ್ಟು ಒತ್ತೋಕೆ ಒಪ್ಪಲಿಲ್ಲ, ಸಹಿ ಮಾಡ್ತೇನೆ ಅಂದರು. ಹಳೇ ಊರಿನ ಶಾಲೆಯಲ್ಲಿ ಎರಡನೇ ಕ್ಲಾಸಿನವರೆಗೆ ಓದಿದ್ದರಂತೆ, ಆಮೇಲೆ ನೀರು ಬಂತು. ಮೂರಕ್ಷರ ಬರೆಯೋಕೆ ಐದು ನಿಮಿಷ ತಗೊಂಡರು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, ಮೇ ತಿಂಗಳಲ್ಲಿ ನೀರು ಪೂರ್ತಿ ಇಳಿದರೆ ಬಾವಿಕಟ್ಟೆ ಕಾಣುತ್ತೆ, ಬರ್ತೀರಾ ಅಂದರು. ಬರ್ತೇನೆ ಅಂದೆ.

"ಬರುವಾಗ ಅಳತೆ ಟೇಪು ತಗೊಂಡು ಬನ್ನಿ" ಅಂದರು.