ಕೊಯ್ಯುವ ಮೊದಲು ಇಣುಕುವುದು

ಕೇಳುಗರಿಗೆ ನಮಸ್ಕಾರ.

ಕಳೆದ ಮಳೆಗಾಲದಲ್ಲಿ ಶಿರಸಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮಗನ ಜೊತೆ ಘಟ್ಟ ಇಳಿದು ನನ್ನಲ್ಲಿಗೆ ಬಂದಿದ್ದರು. ಎರಡು ತಿಂಗಳಿಂದ ಊಟ ಸೇರುತ್ತಿರಲಿಲ್ಲ. ನಾಲ್ಕು ಚಮಚ ಗಂಜಿ ಕುಡಿದರೆ ಹೊಟ್ಟೆ ತುಂಬುತ್ತಿತ್ತು. ಎಂಡೋಸ್ಕೋಪಿಯಲ್ಲಿ ಜಠರದ ಕ್ಯಾನ್ಸರ್ ಎಂದು ತಿಳಿದಿತ್ತು. ಸಿ.ಟಿ. ಸ್ಕ್ಯಾನಿನಲ್ಲಿ ಗಡ್ಡೆ ಜಠರದ ಗೋಡೆಯ ಹೊರಪದರದವರೆಗೂ ಬೆಳೆದದ್ದು ಕಂಡಿತು. ಬೇರೆಡೆ ಹರಡಿದ ಗುರುತು ಇರಲಿಲ್ಲ. ಮೊದಲು ಲ್ಯಾಪರೊಸ್ಕೋಪಿ ಮಾಡಿ, ಅಂದರೆ ಸಣ್ಣ ತೂತಿನಿಂದ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ, ನೋಡೋಣ ಎಂದೆ. ಮಗ ಒಪ್ಪಲಿಲ್ಲ. “ಎರಡೆರಡು ಸಲ ಯಾಕೆ ಡಾಕ್ಟರೇ? ಒಂದೇ ಸಲಕ್ಕೆ ಕೊಯ್ದು ತೆಗೆದುಬಿಡಿ.”

ಉತ್ತರ ಕೊಟ್ಟವರು ತಂದೆ. “ತಮ್ಮಾ, ಬುಡದಲ್ಲಿ ನಿಂತು ನೋಡಿದರೆ ಅಡಿಕೆ ಕೊನೆ ಚೆನ್ನಾಗಿಯೇ ಕಾಣುತ್ತದೆ. ಕೊಳೆರೋಗ ಎಲ್ಲಿಯವರೆಗೆ ಬಂದಿದೆ ಎನ್ನುವುದು ಕೊನೆ ಕೊಯ್ಯುವ ಕೊನೆಗೌಡ ಮರ ಹತ್ತಿದ ಮೇಲೆಯೇ ಗೊತ್ತಾಗುವುದು.”

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಹೊಟ್ಟೆಯ ಒಳಗೋಡೆಗೂ ಅಂಗಾಂಗಗಳಿಗೂ ಪೆರಿಟೋನಿಯಂ ಎಂಬ ನುಣುಪಾದ ಪೊರೆ ಹೊದಿಸಿದಂತೆ ಇರುತ್ತದೆ. ಗಡ್ಡೆಯಿಂದ ಉದುರಿದ ಕಣಗಳು ಅಲ್ಲಿ ಅಕ್ಕಿ ನುಚ್ಚಿನಂತೆ ಬಿಳಿಯಾಗಿ ಅಂಟಿಕೊಳ್ಳುತ್ತವೆ. 5 ಮಿಲಿಮೀಟರಿಗಿಂತ ಸಣ್ಣ ಕಾಳುಗಳು ಬಹಳ ಸಲ ಸ್ಕ್ಯಾನಿಗೆ ಸಿಗುವುದಿಲ್ಲ. ಕ್ಯಾಮೆರಾದ ಕಣ್ಣಿಗೆ ಬೀಳುತ್ತವೆ.

ಅರಿವಳಿಕೆ ಕೊಟ್ಟು, ಹೊಕ್ಕುಳ ಬಳಿ ಸುಮಾರು ಒಂದು ಸೆಂಟಿಮೀಟರ್ ಕೊಯ್ದು, ಇಂಗಾಲದ ಡೈ ಆಕ್ಸೈಡಿನಿಂದ ಹೊಟ್ಟೆ ಉಬ್ಬಿಸಿ, ಕ್ಯಾಮೆರಾ ಇಳಿಸುತ್ತೇವೆ. ಯಕೃತ್ತಿನ ಮೇಲ್ಮೈ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಾದ ವಪೆಯ ಅಡಿ, ಕರುಳಿನ ಮೇಲಿನ ಕೊಬ್ಬಿನ ಪರದೆ, ಕಿಬ್ಬೊಟ್ಟೆಯ ತಳ, ಒಂದನ್ನೂ ಬಿಡುವುದಿಲ್ಲ. ಸಂಶಯ ಬಂದ ಕಾಳನ್ನು ಚಿವುಟಿ ಪರೀಕ್ಷೆಗೆ ಕಳಿಸುತ್ತೇವೆ. ಏನೂ ಕಾಣದಿದ್ದರೂ ಸಲೈನ್ ಸುರಿದು, ಆ ತೊಳೆದ ನೀರನ್ನು ಮರಳಿ ಹೀರಿ ಸೂಕ್ಷ್ಮದರ್ಶಕದಡಿ ನೋಡಿಸುತ್ತೇವೆ. ಜಠರದ ಕ್ಯಾನ್ಸರಿನಲ್ಲಿ ಆ ನೀರಿನಲ್ಲಿ ಕ್ಯಾನ್ಸರ್ ಕೋಶ ಸಿಕ್ಕರೆ, ಕಣ್ಣಿಗೆ ಒಂದು ಕಾಳೂ ಕಾಣದಿದ್ದರೂ ಅದು ನಾಲ್ಕನೆಯ ಹಂತವೇ. ಆಗ ಮೊದಲ ಮದ್ದು ಕೀಮೋಥೆರಪಿ, ಕತ್ತಿಯಲ್ಲ.

ಎಲ್ಲರಿಗೂ ಇದು ಬೇಕಿಲ್ಲ. ಜಠರದ ಒಳಪದರದಲ್ಲೇ ಇರುವ ಎಳೆಯ ಕ್ಯಾನ್ಸರಿಗೆ ಬೇಡ. ಅನ್ನನಾಳದ ಮೇಲ್ಭಾಗದ ಗಡ್ಡೆಗೆ ಉಪಯೋಗ ಕಡಿಮೆ. ಅನ್ನನಾಳ ಜಠರವನ್ನು ಸೇರುವಲ್ಲಿನ ಗಡ್ಡೆಗೆ ಹೆಚ್ಚು. ಯಕೃತ್ತಿನ ಆಳದಲ್ಲಿ ಇರುವುದನ್ನು ಸ್ಕ್ಯಾನೇ ತೋರಿಸಬೇಕು.

ನಮ್ಮ ಕರಾವಳಿಯಲ್ಲಿ ಇನ್ನೊಂದು ಹೆದರಿಕೆ ಇದೆ: ಗಾಳಿ ತಾಗಿದರೆ ಕ್ಯಾನ್ಸರ್ ಹರಡುತ್ತದಂತೆ. ಹೊಟ್ಟೆ ತೆರೆದಾಗ ಮೊದಲೇ ಹರಡಿದ್ದು ಕಂಡು, ಹಾಗೆಯೇ ಹೊಲಿದು ಕಳಿಸಿದ ರೋಗಿಗಳಿಂದ ಹುಟ್ಟಿದ ಮಾತಿರಬೇಕು ಇದು. ಹರಡಿಸಿದ್ದು ಗಾಳಿಯಲ್ಲ. 1910ರಲ್ಲಿ ಸ್ವೀಡನ್ನಿನ ವೈದ್ಯ ಯಾಕೋಬಿಯಸ್ ಮನುಷ್ಯರ ಹೊಟ್ಟೆಯೊಳಗೆ ಹೀಗೆ ಇಣುಕಿದ್ದನ್ನು ಬರೆದಿಟ್ಟ. ಆ ಇಣುಕುನೋಟ ಇಂದು ಅಂಥ ವ್ಯರ್ಥ ಹೊಲಿಗೆಗಳನ್ನು ಎಷ್ಟೋ ತಪ್ಪಿಸುತ್ತದೆ.

ನಮ್ಮ ಬೆಳೆಗಾರರ ವಪೆಯ ಬಲಬದಿಯಲ್ಲಿ ನಾಲ್ಕು ಕಾಳುಗಳಿದ್ದವು. ಅರ್ಧ ಗಂಟೆಯ ಕೆಲಸ. ಎರಡು ಪಟ್ಟಿ ಹಚ್ಚಿಸಿಕೊಂಡು ಮರುದಿನವೇ ಮನೆಗೆ ಹೋದರು. ಹೊಟ್ಟೆಯಲ್ಲಿ ಉಳಿದ ಅನಿಲದಿಂದ ಎರಡು ದಿನ ಭುಜ ನೋಯುತ್ತಿತ್ತು, ಅಷ್ಟೇ. ಸ್ವಲ್ಪ ದಿನಗಳಲ್ಲೇ ಕೀಮೋ ಶುರುವಾಯಿತು. ದೊಡ್ಡ ಶಸ್ತ್ರಚಿಕಿತ್ಸೆಯಾಗಿದ್ದರೆ ಆ ಹೊತ್ತಿಗೆ ಅವರಿನ್ನೂ ಹಾಸಿಗೆಯಲ್ಲಿರುತ್ತಿದ್ದರು.

ಕೊನೆಕೊಯ್ಲಿನ ದಿನ ಮಗ ಫೋನ್ ಮಾಡಿದ್ದ. ಅಪ್ಪ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೊನೆ ಎಣಿಸುತ್ತಿದ್ದಾರೆ, ಲೆಕ್ಕ ತಪ್ಪಿದ್ದಕ್ಕೆ ತನ್ನನ್ನು ಬೈದರು ಎಂದ.

ನಮಸ್ಕಾರ.