ಐದೇ ವಾರ ಕೊಟ್ಟು ಬರೆಸಿದ ಗೇಮ್ ಕಸದ ಗುಂಡಿ ಸೇರಿದ್ದು ಹೇಗೆ?

(ಪರದೆಯಲ್ಲಿ: ಹಸಿರು ಬಯಲು, ಗುಂಡಿಗೆ ಬೀಳುವ ಇ.ಟಿ.)

ಬಿದ್ದ. ಕತ್ತು ಚಾಚಿ ಮೇಲೆ ಬಂದ. ಅಯ್ಯೋ, ಮತ್ತೆ ಬಿದ್ದ! ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ ಅಟಾರಿ 2600ರಲ್ಲಿ 'ಇ.ಟಿ.' ಗೇಮ್ ಆಡಿದವರಿಗೆ ಮೊದಲು ನೆನಪಾಗುವುದು ಈ ಗುಂಡಿಗಳೇ. ಪ್ರಪಂಚದ ಅತಿ ಕೆಟ್ಟ ಗೇಮ್ ಅಂತ ಹೆಸರು ಬಂತು, ಬೈಗುಳವೆಲ್ಲ ಅದನ್ನು ಬರೆದ ಹೋವರ್ಡ್ ಸ್ಕಾಟ್ ವಾರ್ಷಾ ತಲೆಗೆ ಬಂತು. ಅದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

1982ರ ಜೂನ್‌ನಲ್ಲಿ ಸ್ಪೀಲ್‌ಬರ್ಗ್ ನಿರ್ದೇಶಿಸಿದ, ಅನ್ಯಗ್ರಹ ಜೀವಿಯೊಂದರ ಕಥೆಯ 'ಇ.ಟಿ.' ಸಿನಿಮಾ ಬಂತು, ಜನ ಮುಗಿಬಿದ್ದರು. ಗೇಮ್ ಹಕ್ಕಿಗೆ ಅಟಾರಿ ಕಂಪನಿ 2 ಕೋಟಿ ಡಾಲರ್‌ಗಿಂತ ಜಾಸ್ತಿ ಸುರಿಯಿತು ಎನ್ನುತ್ತಾರೆ. ಮಾತುಕತೆ ಮುಗಿಯುವಾಗ ಜುಲೈ ಕೊನೆ. ಕ್ರಿಸ್‌ಮಸ್‌ಗೆ ಅಂಗಡಿಯಲ್ಲಿ ಇರಲೇಬೇಕು, ಗೇಮ್ ತುಂಬಿ ಯಂತ್ರಕ್ಕೆ ಸಿಕ್ಕಿಸುವ ಡಬ್ಬಿ, ಅಂದರೆ ಕಾರ್ಟ್ರಿಜ್ ತಯಾರಿಸಿ ಊರೂರಿಗೆ ಕಳಿಸಲು ತಿಂಗಳುಗಟ್ಟಲೆ ಬೇಕು, ಹಾಗಾಗಿ ಗೇಮ್ ಬರೆಯಲು ಉಳಿದಿದ್ದು ಐದೇ ವಾರ. ತಿಂಗಳುಗಟ್ಟಲೆ ಹಿಡಿಯುವ ಕೆಲಸ ಅದು! ವಾರ್ಷಾ ಮನೆಯಲ್ಲೂ ಒಂದು ಯಂತ್ರ ಇಡಿಸಿಕೊಂಡು ಹಗಲು ರಾತ್ರಿ ಕೂತು ಮುಗಿಸಿದರು. ಅಟಾರಿ 2600ರ ರ‍್ಯಾಮ್ (ಆಟ ನಡೆಯುವಾಗ ಬಳಸುವ ಮೆಮೊರಿ) ಎಷ್ಟು ಗೊತ್ತಾ? 128 ಬೈಟ್. ಕನ್ನಡದಲ್ಲಿ ಟೈಪ್ ಮಾಡಿದರೆ ನಾನೀಗ ಹೇಳುತ್ತಿರುವ ಈ ವಾಕ್ಯವೂ ಅದರಲ್ಲಿ ಹಿಡಿಸುವುದಿಲ್ಲ.

ಈಗ ಗುಂಡಿ ವಿಷಯ. ಇ.ಟಿ. ಕಾಲು ಗಟ್ಟಿ ನೆಲದ ಮೇಲೇ ಇರುತ್ತದೆ, ಆದರೆ ತಲೆಯ ಒಂದು ಚುಕ್ಕೆ ಗುಂಡಿಯ ಅಂಚಿಗೆ ತಾಗಿದರೂ ಸಾಕು, ಬಿದ್ದ ಅಂತ ಲೆಕ್ಕ. ಇನ್ನೊಂದು ಹದಿನೈದು ದಿನ ಕೊಟ್ಟು, ನಾಲ್ಕು ಮಕ್ಕಳ ಕೈಯಲ್ಲಿ ಆಡಿಸಿ ನೋಡಿದ್ದರೆ ಸರಿಹೋಗುತ್ತಿತ್ತು ಅಲ್ವಾ? ಆ ಹದಿನೈದು ದಿನವನ್ನೇ ಕಂಪನಿ ಕೊಡಲಿಲ್ಲ.

ಮೊದಲಿಗೆ ಸುಮಾರು 15 ಲಕ್ಷ ಮಾರಾಟವಾಯಿತು, ಕಡಿಮೆಯೇನಲ್ಲ. ಆದರೆ ತಯಾರಿಸಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಇದೇ ಅಟಾರಿ ಪ್ಯಾಕ್-ಮ್ಯಾನ್ ಎಂಬ ಗೇಮ್ ಮಾಡುವಾಗ, ಮನೆಗಳಲ್ಲಿ ಸುಮಾರು 1 ಕೋಟಿ ಯಂತ್ರ ಇದ್ದರೆ 1.2 ಕೋಟಿ ಕಾರ್ಟ್ರಿಜ್ ತಯಾರಿಸಿತ್ತು! ಇದಕ್ಕೆ ಪ್ರೋಗ್ರಾಮರ್ ಏನು ಮಾಡಬೇಕಿತ್ತು? 1983ರಲ್ಲಿ ಅಟಾರಿ ನಷ್ಟ 50 ಕೋಟಿ ಡಾಲರ್ ದಾಟಿತು. ಆ ಸೆಪ್ಟೆಂಬರ್‌ನಲ್ಲಿ ಮಾರಾಟವಾಗದ ಸರಕನ್ನು ಲಾರಿಗೆ ತುಂಬಿ, ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಅಲಮಗೋರ್ಡೊ ಊರಿನ ಕಸದ ಗುಂಡಿಗೆ ಸುರಿದು, ಮೇಲೆ ಕಾಂಕ್ರೀಟ್ ಹಾಕಿದರು.

(ಪರದೆಯಲ್ಲಿ: ಧೂಳು, ಜೆಸಿಬಿ, ಜನ)

2014ರ ಏಪ್ರಿಲ್ 26, ಅದೇ ಜಾಗ. ಅಗೆದಾಗ ಸಿಕ್ಕಿದ್ದು ಇ.ಟಿ. ಒಂದೇ ಅಲ್ಲ, ಅಟಾರಿಯ ಬೇರೆ ಗೇಮ್‌ಗಳೇ ಜಾಸ್ತಿ. ಜಜ್ಜಿಹೋದ ಇ.ಟಿ. ಡಬ್ಬಿಯೊಂದನ್ನು ಎತ್ತಿ ತೋರಿಸಿದಾಗ ಧೂಳಿನಲ್ಲಿ ನಿಂತಿದ್ದ ಜನ ಕೂಗಿ ಚಪ್ಪಾಳೆ ತಟ್ಟಿದರು. ವಾರ್ಷಾ ಅಲ್ಲೇ ಇದ್ದರು. ಅವರ ಕಣ್ಣು ಒದ್ದೆಯಾಗಿತ್ತು.