ಒಂದು ಆಫೀಸ್ ಟೂರ್, ನಾಲ್ಕು ಊರು, ನಾಲ್ಕು ಬಿಲ್

[ದೃಶ್ಯ: ಮೇಜಿನ ಮೇಲೆ ನಾಲ್ಕು ಹೋಟೆಲ್ ಬಿಲ್. ಕ್ಯಾಮೆರಾ ಒಂದೊಂದರ ಮೇಲೂ ನಿಧಾನವಾಗಿ ಸಾಗುತ್ತದೆ.]

ಈ ನಾಲ್ಕು ಬಿಲ್ ನೋಡಿ. ಮೊದಲನೆಯದು ಮುಂಬೈಯದು. ಎರಡನೆಯದು ಸಿಂಗಪುರದ್ದು. ಇದು ಶಾಂಘೈ. ಕೊನೆಯದು ಜಪಾನಿನ ನಗೋಯ. ಈ ವಿಡಿಯೋಗಾಗಿ ನಾವೇ ತಯಾರಿಸಿದ ಮಾದರಿಗಳು ಇವು. ಆದರೆ ಇಂಥ ಬಿಲ್‌ಗಳು ದಿನಾ ಸಾವಿರಾರು ಕಂಪನಿಗಳ ಅಕೌಂಟ್ಸ್ ವಿಭಾಗಕ್ಕೆ ಬಂದು ಬೀಳುತ್ತವೆ. ಅಲ್ಲಿ ನಾಲ್ಕಕ್ಕೂ ಒಂದೇ ಹೆಸರು, ಹೋಟೆಲ್ ಖರ್ಚು.

ನಮಸ್ಕಾರ. ಕಂಪನಿಗಳಲ್ಲಿ ಟಿಕೆಟ್, ಹೋಟೆಲ್, ವೀಸಾ ನೋಡಿಕೊಳ್ಳುವ ಜಾಗಕ್ಕೆ ಟ್ರಾವೆಲ್ ಡೆಸ್ಕ್ ಅನ್ನುತ್ತಾರೆ. ಬೆಂಗಳೂರಿನಲ್ಲಿ ಅಂಥ ಒಂದು ಡೆಸ್ಕ್‌ನಲ್ಲಿ ನಾನು ಎಂಟು ವರ್ಷ ಕೂತಿದ್ದೇನೆ. ಹೋಟೆಲ್‌ಗಳ ಜೊತೆ ರೇಟ್ ಮಾತಾಡುವುದು, ಏರ್‌ಲೈನ್‌ಗಳ ಜೊತೆ ಕಾಂಟ್ರಾಕ್ಟ್ ಮಾಡುವುದು ನನ್ನ ಕೆಲಸವಾಗಿತ್ತು. ಆಗ ನನಗೆ ಅರ್ಥವಾದ ಒಂದು ಮಾತು ಇದು. ಏಷ್ಯಾ-ಪೆಸಿಫಿಕ್‌ನಲ್ಲಿ ಕಂಪನಿಯ ದುಡ್ಡು ಜಾಸ್ತಿ ಸೋರುವುದು ರೇಟಿನಲ್ಲಿ ಅಲ್ಲ, ಬಿಲ್ಲಿನಲ್ಲಿ. ಆ ಸೋರಿಕೆಯ ಭಾರ ಎಷ್ಟೋ ಸಲ ಪ್ರಯಾಣ ಮಾಡಿ ಬಂದವರ ಜೇಬಿನ ಮೇಲೆ ಬೀಳುತ್ತದೆ.

[ದೃಶ್ಯ: ನಕಾಶೆ. ಬಿಡದಿಯಿಂದ ದೇವನಹಳ್ಳಿಗೆ ಒಂದು ಗೆರೆ.]

ಒಂದು ಪ್ರಯಾಣ ಊಹಿಸಿಕೊಳ್ಳೋಣ. ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿ. ಅಲ್ಲಿನ ಒಬ್ಬ ಎಂಜಿನಿಯರ್, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಮೊದಲು ಮುಂಬೈಯಲ್ಲಿ ಮೀಟಿಂಗ್. ಆಮೇಲೆ ಸಿಂಗಪುರ, ಶಾಂಘೈ, ನಗೋಯ.

ಮುಂಬೈ ಫ್ಲೈಟ್‌ನಿಂದಲೇ ಶುರು ಮಾಡೋಣ. ಕಂಪನಿಯ ಬುಕಿಂಗ್ ಸಿಸ್ಟಂ ಬೆಳಗಿನ ಜಾವದ ಫ್ಲೈಟ್ ತೋರಿಸುತ್ತದೆ, ಅದೇ ಎಲ್ಲಕ್ಕಿಂತ ಅಗ್ಗ. ಕಂಪನಿಯ ಟ್ರಾವೆಲ್ ಪಾಲಿಸಿಯಲ್ಲಿ, ಅಂದರೆ ಪ್ರಯಾಣದ ನಿಯಮಗಳಲ್ಲಿ, ಅಗ್ಗದ್ದನ್ನೇ ತೆಗೆದುಕೊಳ್ಳಬೇಕು ಅಂತ ಬರೆದಿದೆ. ಆದರೆ ಬಿಡದಿ ಬೆಂಗಳೂರಿನ ಒಂದು ಕಡೆ, ಏರ್‌ಪೋರ್ಟ್ ಇನ್ನೊಂದು ಕಡೆ. ಇಡೀ ಊರು ದಾಟಬೇಕು. ಆಕೆ ರಾತ್ರಿ ಒಂದೂವರೆಗೆ ಮನೆ ಬಿಡಬೇಕು. ಟಿಕೆಟ್‌ನಲ್ಲಿ ಉಳಿದ ಎಂಟುನೂರು ರೂಪಾಯಿ ರಾತ್ರಿ ಕ್ಯಾಬ್‌ಗೇ ಹೋಗುತ್ತದೆ. ನಿದ್ದೆ ಇಲ್ಲದೆ ಮೀಟಿಂಗ್‌ನಲ್ಲಿ ಕೂರಬೇಕು. ಆ ಹೊತ್ತಿನಲ್ಲಿ ಒಬ್ಬಳೇ ಅಷ್ಟು ದೂರ ಹೋಗುವ ಆತಂಕವಂತೂ ಯಾವ ಎಕ್ಸೆಲ್ ಶೀಟಿನಲ್ಲೂ ಕಾಣುವುದಿಲ್ಲ. ನಮ್ಮ ಡೆಸ್ಕ್‌ನಲ್ಲಿ ನಾವು ಕೊನೆಗೆ ಒಂದು ನಿಯಮ ಮಾಡಿದೆವು. ಬೆಳಿಗ್ಗೆ ಏಳಕ್ಕೆ ಮೊದಲು ಹೊರಡುವ ಫ್ಲೈಟನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು, ಪ್ರಯಾಣಿಕರೇ ಬೇಕು ಅಂದರೆ ಮಾತ್ರ ಕೊಡಬೇಕು.

ಇನ್ನೊಂದು ವಿಷಯ. ಇಂಡಿಯಾದ ಏರ್‌ಲೈನ್‌ಗಳಲ್ಲಿ ಕಾರ್ಪೊರೇಟ್ ಫೇರ್ ಅಂತ, ಕಂಪನಿಗಳಿಗೆಂದೇ ಒಂದು ದರ ಇರುತ್ತದೆ. ನೋಡಲು ಸ್ವಲ್ಪ ಜಾಸ್ತಿ. ಆದರೆ ಸಾಮಾನ್ಯವಾಗಿ ಊಟ ಸೇರಿರುತ್ತದೆ, ತಾರೀಕು ಬದಲಿಸಿದರೆ ಕೊಡುವ ಶುಲ್ಕ ಕಡಿಮೆ ಇರುತ್ತದೆ. ಆಫೀಸ್ ಮೀಟಿಂಗ್ ಮುಂದಕ್ಕೆ ಹೋಗುವುದು ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು. ಹಾಗಾಗಿ ಬ್ಯಾಗು, ಸೀಟು, ಬದಲಾವಣೆ ಎಲ್ಲ ಸೇರಿಸಿ ಹೋಲಿಸಿ ನೋಡಿ.

[ದೃಶ್ಯ: ಮುಂಬೈ ಬಿಲ್. ಜಿಎಸ್‌ಟಿ ಸಾಲಿನ ಸುತ್ತ ಕೆಂಪು ಗೆರೆ.]

ಈಗ ಮುಂಬೈ ಹೋಟೆಲ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಕರ್ನಾಟಕದ ಕಂಪನಿಗಳು ಇಲ್ಲಿ ಕಳೆದುಕೊಳ್ಳುವಷ್ಟು ಬೇರೆಲ್ಲೂ ಕಳೆದುಕೊಳ್ಳುವುದನ್ನು ನಾನು ನೋಡಿಲ್ಲ.

ವಿಮಾನದ ಟಿಕೆಟ್‌ಗೆ ಒಂದು ನಿಯಮ, ಹೋಟೆಲ್‌ಗೆ ಬೇರೆ ನಿಯಮ. ಟಿಕೆಟ್ ಬುಕ್ ಮಾಡುವಾಗ ನಿಮ್ಮ ಕಂಪನಿಯ ಕರ್ನಾಟಕದ ಜಿಎಸ್‌ಟಿ ನಂಬರ್ ಕೊಟ್ಟರೆ ಸಾಕು. ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ಕಂಪನಿ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡು, ವಾಪಸ್ ಪಡೆಯಬಹುದು. ಹೋಟೆಲ್ ಹಾಗಲ್ಲ. ಕಟ್ಟಡ ಯಾವ ರಾಜ್ಯದಲ್ಲಿದೆಯೋ ತೆರಿಗೆ ಆ ರಾಜ್ಯಕ್ಕೆ ಸೇರುತ್ತದೆ. ಮುಂಬೈ ಹೋಟೆಲ್ ಹಾಕುವುದು ಕೇಂದ್ರದ ಪಾಲು ಮತ್ತು ಮಹಾರಾಷ್ಟ್ರದ ಪಾಲು. ನಿಮ್ಮ ಕಂಪನಿಗೆ ಮಹಾರಾಷ್ಟ್ರದಲ್ಲಿ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಆ ದುಡ್ಡು ಹೋಯಿತು. ಕರ್ನಾಟಕದ ನಂಬರ್ ಕೊಟ್ಟು ಬಿಲ್ ತಂದರೂ ಪ್ರಯೋಜನವಿಲ್ಲ.

ಈಗ ಲೆಕ್ಕ ಹಾಕೋಣ. 2025ರ ಸೆಪ್ಟೆಂಬರ್ 22ರಿಂದ, ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 5 ಜಿಎಸ್‌ಟಿ. ಅದಕ್ಕಿಂತ ಮೇಲೆ ಹೋದರೆ ಶೇ 18.

[ಪರದೆಯ ಮೇಲೆ: 7,400 + 370 = 7,770. ಕೆಳಗೆ: 7,600 + 1,368 = 8,968.]

ರೂಮಿನ ರೇಟಿನಲ್ಲಿ ವ್ಯತ್ಯಾಸ 200 ರೂಪಾಯಿ. ಕೈಯಿಂದ ಹೋಗುವುದರಲ್ಲಿ ವ್ಯತ್ಯಾಸ 1,198 ರೂಪಾಯಿ. ವರ್ಷಕ್ಕೆ ನೂರು ರಾತ್ರಿ ಅಂದರೆ ಸುಮಾರು 1 ಲಕ್ಷ 20 ಸಾವಿರ, ಅದೂ ಒಂದೇ ಹೋಟೆಲ್‌ನಲ್ಲಿ. ಮಾತುಕತೆಗೆ ಕೂತಾಗ "ಇನ್ನೊಂದು ಶೇ 5 ಬಿಡಿ" ಅಂತ ಎಲ್ಲ ಕಡೆ ಒಂದೇ ರಾಗ ಹಾಡುವುದಕ್ಕಿಂತ, 7,600 ಹೇಳುವ ಹೋಟೆಲನ್ನು 7,500ರ ಗೆರೆಯ ಒಳಗೆ ತನ್ನಿ. ಹೋಟೆಲ್‌ನವರಿಗೂ ಇದು ಗೊತ್ತಿರುತ್ತದೆ, ಕೇಳಿದರೆ ಒಪ್ಪುತ್ತಾರೆ. ನಿಮಗೆ ಮುಂಬೈಯಲ್ಲಿ ಶಾಖೆ ಇದ್ದು ಅಲ್ಲಿ ನೋಂದಣಿ ಇದ್ದರೆ, ಚೆಕ್-ಇನ್ ಸಮಯದಲ್ಲೇ ಆ ನಂಬರ್ ಕೊಡಿ. ಚೆಕ್-ಔಟ್ ಆಗಿ ಟ್ಯಾಕ್ಸಿಯಲ್ಲಿ ಕೂತ ಮೇಲೆ ಬಿಲ್ ಬದಲಿಸುವುದು ದೊಡ್ಡ ಗೋಳು.

ಏಜೆಂಟ್ ಮೂಲಕ ಟಿಕೆಟ್ ಕೊಂಡಾಗ ಎರಡು ಬಿಲ್ ಬರುತ್ತದೆ ಅನ್ನುವುದೂ ನೆನಪಿರಲಿ. ದರದ ಬಿಲ್ ಏರ್‌ಲೈನ್‌ನದು, ಸೇವಾ ಶುಲ್ಕದ ಬಿಲ್ ಏಜೆಂಟ್‌ದು. ಏಜೆಂಟ್ ಕೊಟ್ಟ ಒಂದೇ ಕಾಗದ ಇಟ್ಟುಕೊಂಡು ಕೂತರೆ ದೊಡ್ಡ ಮೊತ್ತ ಕೈತಪ್ಪುತ್ತದೆ. ತಿಂಗಳಿಗೊಮ್ಮೆ ಜಿಎಸ್‌ಟಿಆರ್-2ಬಿ, ಅಂದರೆ ನಿಮ್ಮ ಹೆಸರಿಗೆ ಬಂದ ಬಿಲ್‌ಗಳ ಜಿಎಸ್‌ಟಿ ಪೋರ್ಟಲ್‌ನ ಪಟ್ಟಿ, ತೆಗೆದು ಟಿಕೆಟ್ ಪಟ್ಟಿಯ ಜೊತೆ ತಾಳೆ ನೋಡಿ.

[ದೃಶ್ಯ: ಸಿಂಗಪುರ ಬಿಲ್.]

ಸಿಂಗಪುರ. ಇಲ್ಲಿ ಹೋಟೆಲ್ ರೇಟಿನ ಪಕ್ಕ ಎರಡು ಪ್ಲಸ್ ಗುರುತು ಇರುತ್ತದೆ. "ಪ್ಲಸ್ ಪ್ಲಸ್" ಅಂತಲೇ ಕರೆಯುತ್ತಾರೆ. ಮೊದಲ ಪ್ಲಸ್ ಶೇ 10 ಸರ್ವಿಸ್ ಚಾರ್ಜ್. ಎರಡನೆಯದು ಅಲ್ಲಿಯ ಜಿಎಸ್‌ಟಿ, 2024ರ ಜನವರಿ 1ರಿಂದ ಶೇ 9. ತೆರಿಗೆ ಬೀಳುವುದು ಸರ್ವಿಸ್ ಚಾರ್ಜ್ ಸೇರಿದ ಮೊತ್ತದ ಮೇಲೆ. 300 ಸಿಂಗಪುರ ಡಾಲರ್ ಅಂತ ಒಪ್ಪಿದ ರೂಮು ಬಿಲ್ಲಿನಲ್ಲಿ 359 ಡಾಲರ್ 70 ಸೆಂಟ್ ಆಗುತ್ತದೆ.

ಒಂದು ರಾತ್ರಿಯ ರೂಮಿಗೆ ಕಂಪನಿಯ ಮಿತಿ 320 ಸಿಂಗಪುರ ಡಾಲರ್ ಇತ್ತು ಅಂದುಕೊಳ್ಳಿ. ಆಕೆ ಮಿತಿಯೊಳಗೇ ರೂಮು ಆರಿಸಿದ್ದಾರೆ. ಊರಿಗೆ ಬಂದ ಮೇಲೆ "ಮಿತಿ ಮೀರಿದ್ದು ಯಾಕೆ?" ಅಂತ ಇಮೇಲ್ ಬರುತ್ತದೆ. ಆಕೆಯದೇನೂ ತಪ್ಪಿಲ್ಲ. ಮಿತಿ ಬರೆದವರು ತೆರಿಗೆ ಸೇರಿಯೋ ಬಿಟ್ಟೋ ಅಂತ ಬರೆಯಲಿಲ್ಲ, ಅಷ್ಟೇ. ಪಾಲಿಸಿಯಲ್ಲಿ ಆ ಒಂದು ಪದ ಸೇರಿಸಿದರೆ ನೂರಾರು ಇಮೇಲ್ ನಿಲ್ಲುತ್ತವೆ.

ಮಿತಿಯ ಮಾತು ಬಂದಿದ್ದರಿಂದ ಹೇಳುತ್ತೇನೆ. ಎಷ್ಟೋ ಕಂಪನಿಗಳಲ್ಲಿ ಇಡೀ ಏಷ್ಯಾ-ಪೆಸಿಫಿಕ್‌ಗೆ ಅಮೆರಿಕನ್ ಡಾಲರ್ ಲೆಕ್ಕದಲ್ಲಿ ಒಂದೇ ಮಿತಿ ಇರುತ್ತದೆ. ಹನೋಯಿಯಲ್ಲಿ ಒಳ್ಳೆಯ ಹೋಟೆಲ್ ಸಿಗುವ ದುಡ್ಡಿಗೆ ಸಿಂಗಪುರದಲ್ಲಿ ಕಷ್ಟಪಡಬೇಕು. ಕರೆನ್ಸಿಯೂ ನಿಂತಲ್ಲಿ ನಿಲ್ಲುವುದಿಲ್ಲ. 2021ರ ಶುರುವಿನಲ್ಲಿ ಒಂದು ಅಮೆರಿಕನ್ ಡಾಲರ್‌ಗೆ ಸುಮಾರು 103 ಯೆನ್ ಇತ್ತು. 2024ರ ಜುಲೈ ಹೊತ್ತಿಗೆ 160 ದಾಟಿತ್ತು. ಮೂರೂವರೆ ವರ್ಷದ ಹಿಂದಿನ ಮಿತಿಗೆ ಏನು ಅರ್ಥ ಉಳಿಯಿತು, ಹೇಳಿ? ಊರಿನ ಲೆಕ್ಕದಲ್ಲಿ, ಆ ಊರಿನ ದುಡ್ಡಿನಲ್ಲಿ ಮಿತಿ ಇಡಿ. ವರ್ಷಕ್ಕೆ ಎರಡು ಸಲ ತಿದ್ದಿ.

ಇಷ್ಟರ ಜೊತೆಗೆ ಕೆಲವು ದಿನಗಳಲ್ಲಿ ಕಾಂಟ್ರಾಕ್ಟ್ ರೇಟೇ ನಡೆಯುವುದಿಲ್ಲ. ಬ್ಲ್ಯಾಕೌಟ್ ಡೇಟ್ ಅನ್ನುತ್ತಾರೆ. ಸಿಂಗಪುರದಲ್ಲಿ ಫಾರ್ಮುಲಾ ಒನ್ ರೇಸ್ ವಾರ, ಚೀನಾದ ಗ್ವಾಂಗ್‌ಝೌನಲ್ಲಿ ವರ್ಷಕ್ಕೆ ಎರಡು ಸಲ ನಡೆಯುವ ಕ್ಯಾಂಟನ್ ವ್ಯಾಪಾರ ಮೇಳ, ಜಪಾನಿನಲ್ಲಿ ಏಪ್ರಿಲ್ ಕೊನೆಯಿಂದ ಮೇ ಶುರುವಿನವರೆಗಿನ ಗೋಲ್ಡನ್ ವೀಕ್ ರಜೆ. ನಮ್ಮಲ್ಲಿ ಯಲಹಂಕದ ಏರೋ ಇಂಡಿಯಾ ನಡೆಯುವ ಫೆಬ್ರವರಿ. ಕಾಂಟ್ರಾಕ್ಟ್‌ಗೆ ಸಹಿ ಹಾಕುವ ಮೊದಲು ಈ ತಾರೀಕುಗಳನ್ನು ಎಣಿಸಿ ನೋಡಿ. ಬ್ಲ್ಯಾಕೌಟ್ ಎಷ್ಟು ದಿನ ಅಂತ ಬರೆಸಿಕೊಳ್ಳಿ.

[ದೃಶ್ಯ: ಪಾಸ್‌ಪೋರ್ಟ್, ವೀಸಾ ಪುಟ.]

ಶಾಂಘೈಗೆ ಹೋಗುವ ಮೊದಲು ಪಾಸ್‌ಪೋರ್ಟ್ ವಿಷಯ. ಯುರೋಪಿನಲ್ಲಿ ಒಂದು ಷೆಂಗೆನ್ ವೀಸಾ ಇದ್ದರೆ 29 ದೇಶ ಓಡಾಡಬಹುದು. ಏಷ್ಯಾ-ಪೆಸಿಫಿಕ್‌ನಲ್ಲಿ ಅಂಥದ್ದು ಇಲ್ಲ. ಎಪೆಕ್ ಅನ್ನುವ ಏಷ್ಯಾ-ಪೆಸಿಫಿಕ್ ಆರ್ಥಿಕ ಸಹಕಾರ ಕೂಟದ ಬಿಸಿನೆಸ್ ಟ್ರಾವೆಲ್ ಕಾರ್ಡ್ ಅಂತ ಒಂದಿದೆ, ಐದು ವರ್ಷದ್ದು, ಅದನ್ನು ಹಿಡಿದವರು ಹಲವು ದೇಶಗಳಿಗೆ ಬೇರೆ ವೀಸಾ ಇಲ್ಲದೆ ಕೆಲಸಕ್ಕೆ ಹೋಗಬಹುದು. ಆದರೆ ಭಾರತ ಎಪೆಕ್‌ನ ಸದಸ್ಯ ಅಲ್ಲ. ನಮ್ಮ ಎಂಜಿನಿಯರ್‌ಗೆ ಆ ಕಾರ್ಡ್ ಸಿಗುವುದಿಲ್ಲ. ಜೊತೆಗೆ ಹೋಗುವ ಆಸ್ಟ್ರೇಲಿಯಾದ ಸಹೋದ್ಯೋಗಿಗೆ ಸಿಗುತ್ತದೆ. ಸಿಡ್ನಿಯಲ್ಲೋ ಲಂಡನ್‌ನಲ್ಲೋ ಕೂತು ಪಾಲಿಸಿ ಬರೆಯುವವರಿಗೆ ಈ ವ್ಯತ್ಯಾಸ ಹೊಳೆಯುವುದೇ ಇಲ್ಲ.

ಜಪಾನ್, ಚೀನಾ ಎರಡಕ್ಕೂ ಬಿಸಿನೆಸ್ ವೀಸಾ ಮಾಡಿಸಲು ಪಾಸ್‌ಪೋರ್ಟ್ ಒಪ್ಪಿಸಬೇಕು. ಇರುವುದು ಒಂದೇ ಪಾಸ್‌ಪೋರ್ಟ್. ಹಾಗಾಗಿ ಒಂದಾದ ಮೇಲೆ ಒಂದು. ಮಧ್ಯದಲ್ಲಿ ಬೇರೆ ದೇಶದ ಟೂರ್ ಹಾಕಿದರೆ ಎಲ್ಲ ತಲೆಕೆಳಗು. ಜಪಾನಿನ ಕಂಪನಿಯಿಂದ ಆಹ್ವಾನ ಪತ್ರವೂ ಬೇಕು. "ಮುಂದಿನ ವಾರ ಹೋಗಿ" ಅಂತ ಬಾಸ್ ಹೇಳಿದರೆ ಆಗುವ ಕೆಲಸ ಇದಲ್ಲ.

[ದೃಶ್ಯ: ಶಾಂಘೈ ಬಿಲ್. ಪಕ್ಕದಲ್ಲಿ ಫೋನ್ ಪರದೆ.]

ಚೀನಾದಲ್ಲಿ ಹೋಟೆಲ್ ಕೊಡುವ ಸಾಮಾನ್ಯ ರಸೀದಿ ಬೇರೆ, ಫಾಪಿಯಾವ್ ಬೇರೆ. ಫಾಪಿಯಾವ್ ಅಂದರೆ ತೆರಿಗೆ ಇಲಾಖೆಯ ವ್ಯವಸ್ಥೆಯ ಮೂಲಕವೇ ಹೊರಡುವ ಬಿಲ್. ಅಲ್ಲಿನ ಕಂಪನಿಗಳಲ್ಲಿ ಖರ್ಚಿಗೆ ನಿಜವಾದ ಪುರಾವೆ ಅದೇ. 2024ರ ಡಿಸೆಂಬರ್ 1ರಿಂದ ಪೂರ್ತಿ ಡಿಜಿಟಲ್ ಫಾಪಿಯಾವ್ ದೇಶದ ತುಂಬ ಬಂದಿದೆ. ಕೇಳಿದರೆ ಮಾತ್ರ ಕೊಡುತ್ತಾರೆ. ನಿಮ್ಮ ಕಂಪನಿಗೆ ಶಾಂಘೈಯಲ್ಲಿ ಶಾಖೆ ಇದ್ದು ಖರ್ಚು ಅವರ ಲೆಕ್ಕಕ್ಕೆ ಹೋಗುವುದಾದರೆ, ಆ ಶಾಖೆಯ ಚೀನೀ ಹೆಸರು ಮತ್ತು 18 ಅಂಕಿ-ಅಕ್ಷರಗಳ ತೆರಿಗೆ ನಂಬರ್ ರಿಸೆಪ್ಷನ್‌ನಲ್ಲಿ ತೋರಿಸಬೇಕು. ಬಾಯಲ್ಲಿ ಹೇಳಲು ಆಗುವುದಿಲ್ಲ. ಫೋನಿನಲ್ಲಿ ಫೋಟೋ ಇಟ್ಟುಕೊಂಡು ಹೋಗಿ. ಹಾಗೆಯೇ ಅಲ್ಲಿ ಫೋನಿನಿಂದ ದುಡ್ಡು ಕೊಡುವ ಆ್ಯಪ್‌ಗಳಾದ ಅಲಿಪೇ ಅಥವಾ ವೀಚಾಟ್‌ಗೆ ಕಾರ್ಡ್ ಜೋಡಿಸುವ ಕೆಲಸ ಬೆಂಗಳೂರಿನಲ್ಲೇ ಮುಗಿಸಿ.

[ದೃಶ್ಯ: ಶಿಂಕಾನ್‌ಸೆನ್ ರೈಲು. ನಂತರ ನಗೋಯ ಬಿಲ್.]

ಜಪಾನ್. ಟೋಕಿಯೋದಿಂದ ನಗೋಯಕ್ಕೆ ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲಿ ಸುಮಾರು ಒಂದು ಗಂಟೆ 40 ನಿಮಿಷ. ಈ ದಾರಿಗೆ ವಿಮಾನ ಹುಡುಕುವುದೇ ಬೇಡ. ಹೋಟೆಲ್ ರೂಮು ಚಿಕ್ಕದಿರುತ್ತದೆ, ಆದರೆ ಚೊಕ್ಕ. ಬಹಳ ಕಡೆ ರೇಟ್ ಹೇಳುವುದು ರೂಮಿಗಲ್ಲ, ತಲೆಗೆ ಇಷ್ಟು ಅಂತ. ಇಬ್ಬರು ಒಂದೇ ರೂಮಿನಲ್ಲಿದ್ದರೆ ಖರ್ಚು ಅರ್ಧವಾಗುತ್ತದೆ ಅನ್ನುವ ಲೆಕ್ಕ ಅಲ್ಲಿ ನಡೆಯದಿರಬಹುದು.

2023ರ ಅಕ್ಟೋಬರ್ 1ರಿಂದ ಜಪಾನಿನಲ್ಲಿ ಹೊಸ ಇನ್‌ವಾಯ್ಸ್ ಪದ್ಧತಿ ಬಂದಿದೆ. ಬಿಲ್ಲಿನ ಮೇಲೆ 'ಟಿ' ಅಕ್ಷರ, ಅದರ ಮುಂದೆ 13 ಅಂಕಿ ಇರಬೇಕು. ಅದು ಇದ್ದರೆ ಮಾತ್ರ ಜಪಾನಿನ ಶಾಖೆ ಶೇ 10 ತೆರಿಗೆಯ ಕ್ರೆಡಿಟ್ ಪೂರ್ತಿ ಪಡೆಯಬಹುದು. ರೈಲು, ಬಸ್ಸಿಗೆ 30,000 ಯೆನ್‌ಗಿಂತ ಕಡಿಮೆ ಇದ್ದರೆ ಇನ್‌ವಾಯ್ಸ್ ಬೇಡ. ಟ್ಯಾಕ್ಸಿಗೆ ಬೇಕು. ವಿಮಾನಕ್ಕೂ ಬೇಕು. ರಸೀದಿಯ ಮೇಲೆ ಕಂಪನಿಯ ಹೆಸರು ಬರೆಸಿಕೊಳ್ಳುವುದು ಅಲ್ಲಿ ಮಾಮೂಲು. ಹೆಸರು ಬರೆದ ಚೀಟಿ ಕೊಟ್ಟರೆ ಸಂತೋಷವಾಗಿ ಬರೆದುಕೊಡುತ್ತಾರೆ.

ಆಸ್ಟ್ರೇಲಿಯಾದ ಬಗ್ಗೆಯೂ ಒಂದು ಮಾತು. ಅಲ್ಲಿ 82 ಡಾಲರ್ 50 ಸೆಂಟ್ ದಾಟಿದ ಖರ್ಚಿಗೆ ಟ್ಯಾಕ್ಸ್ ಇನ್‌ವಾಯ್ಸ್ ಇಲ್ಲದೆ ಅಲ್ಲಿನ ಶಾಖೆ ಜಿಎಸ್‌ಟಿ ಕ್ರೆಡಿಟ್ ಕೇಳುವಂತಿಲ್ಲ.

[ದೃಶ್ಯ: ನಿರೂಪಕರು ನೇರವಾಗಿ ಕ್ಯಾಮೆರಾ ನೋಡುತ್ತ.]

ದೊಡ್ಡ ಕಂಪನಿಗಳು ಇದಕ್ಕೆಲ್ಲ ಒಂದೇ ಮದ್ದು ಹುಡುಕುತ್ತವೆ. ಇಡೀ ವಲಯಕ್ಕೆ ಒಬ್ಬರೇ ಟ್ರಾವೆಲ್ ಏಜೆನ್ಸಿ, ಒಂದೇ ಆ್ಯಪ್. ನಾನು ಅದನ್ನು ಬೇಡ ಅನ್ನುವುದಿಲ್ಲ. ಯಾರು ಯಾವ ಊರಲ್ಲಿದ್ದಾರೆ ಅಂತ ಒಂದೇ ಕಡೆ ಕಾಣುವುದು ಬಹಳ ಮುಖ್ಯ. 2011ರ ಮಾರ್ಚ್ 11ರ ಮಧ್ಯಾಹ್ನ ಜಪಾನಿನಲ್ಲಿ ಭೂಕಂಪ ಆದಾಗ ಟೋಕಿಯೋದ ರೈಲುಗಳು ನಿಂತವು. ಅಂಥ ದಿನ ನಮ್ಮವರು ಎಲ್ಲಿದ್ದಾರೆ ಅಂತ ಹುಡುಕಬೇಕಾದರೆ ಬುಕಿಂಗ್ ನಮ್ಮ ಕಣ್ಣಿಗೆ ಕಾಣುವಂತಿರಬೇಕು. ಆದರೆ ಒಂದೇ ಏಜೆನ್ಸಿ ಅಂದಮಾತ್ರಕ್ಕೆ ಒಂದೇ ರೀತಿ ಕೆಲಸ ನಡೆಯುತ್ತದೆ ಅಂತ ನಂಬಬೇಡಿ. ಜಪಾನಿನ ಹಲವು ದೊಡ್ಡ ಕಂಪನಿ ಗುಂಪುಗಳಿಗೆ ತಮ್ಮದೇ ಏಜೆನ್ಸಿ ಇದೆ. ಸಣ್ಣ ದೇಶಗಳಲ್ಲಿ ದೊಡ್ಡ ಏಜೆನ್ಸಿಗಳು ಸ್ಥಳೀಯ ಪಾಲುದಾರರಿಗೆ ಕೆಲಸ ಕೊಡುತ್ತವೆ. ಟೆಂಡರ್ ಕರೆಯುವಾಗ ಒಂದೊಂದು ದೇಶಕ್ಕೂ ಕೇಳಿ: ಫೋನ್ ಎತ್ತುವುದು ಯಾರು? ಬಿಲ್ ಯಾರ ಹೆಸರಲ್ಲಿ ಬರುತ್ತದೆ?

ನನ್ನ ಅನುಭವವನ್ನೂ ಹೇಳುತ್ತೇನೆ. ಒಂದು ಹೋಟೆಲ್ ಜೊತೆ ವಾರಗಟ್ಟಲೆ ಮಾತಾಡಿ ಒಳ್ಳೆಯ ರೇಟ್ ಮಾಡಿಕೊಂಡಿದ್ದೆವು. ಮೂರು ತಿಂಗಳ ಮೇಲೆ ಬಿಲ್ ನೋಡಿದರೆ ಎಲ್ಲವೂ ಮಾಮೂಲಿ ರೇಟಿನಲ್ಲೇ ಇದ್ದವು. ನಮ್ಮ ರೇಟನ್ನು ಅವರು ಸಿಸ್ಟಂಗೆ ಹಾಕಿರಲೇ ಇಲ್ಲ. ನಾವೂ ಪರೀಕ್ಷಿಸಿರಲಿಲ್ಲ. ಆಮೇಲಿಂದ ಸಹಿ ಹಾಕಿದ ವಾರವೇ ಬೇರೆ ಬೇರೆ ತಾರೀಕಿಗೆ ರೂಮು ಹುಡುಕಿ ನೋಡುವುದನ್ನು ರೂಢಿ ಮಾಡಿಕೊಂಡೆವು.

ಇನ್ನೊಂದು ಘಟನೆ ಇದಕ್ಕಿಂತ ನೋವಿನದು. ಮೊದಲ ಸಲ ವಿದೇಶಕ್ಕೆ ಹೋಗಿದ್ದ ಒಬ್ಬ ಹುಡುಗ. ಹೋಟೆಲ್ ಬಿಲ್ ತನ್ನ ಹೆಸರಿಗೆ ಮಾಡಿಸಿಕೊಂಡು ಬಂದಿದ್ದ. ಕಂಪನಿಯ ಹೆಸರು ಇಲ್ಲ ಅಂತ ಅಕೌಂಟ್ಸ್‌ನವರು ಕ್ಲೇಮ್ ತಡೆದರು. ಕ್ರೆಡಿಟ್ ಕಾರ್ಡ್ ಅವನದು. ಬಡ್ಡಿ ಬೆಳೆಯುತ್ತಿತ್ತು. ಮೂರು ತಿಂಗಳು ಅವನು ನನ್ನ ಟೇಬಲ್‌ಗೆ ಬಂದು ಹೋದ. ಹೋಗುವ ಮೊದಲು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ನಾನು.

[ದೃಶ್ಯ: ಅರ್ಧ ಹಾಳೆಯ ಚೀಟಿ, ಎರಡೂ ಬದಿ.]

ಅವನ ದುಡ್ಡು ಬಂದ ವಾರವೇ ಈ ಚೀಟಿ ಶುರು ಮಾಡಿದೆವು. ಒಂದು ದೇಶಕ್ಕೆ ಅರ್ಧ ಹಾಳೆ. ಬಿಲ್ ಯಾರ ಹೆಸರಿಗೆ, ಯಾವ ನಂಬರ್, ಮಿತಿ ತೆರಿಗೆ ಸೇರಿಯೋ ಬಿಟ್ಟೋ, ರಾತ್ರಿ ತೊಂದರೆಯಾದರೆ ಯಾವ ಫೋನ್. ಟಿಕೆಟ್ ಜೊತೆ ಪಿನ್ ಮಾಡಿ ಕೊಡುತ್ತಿದ್ದೆವು. ಕೆಲವು ತಿಂಗಳಲ್ಲಿ ಜನ ಆ ಚೀಟಿಯ ಹಿಂದೆ ಬರೆದು ವಾಪಸ್ ತರಲು ಶುರು ಮಾಡಿದರು. "ಇಲ್ಲಿ ತಿಂಡಿ ಆರೂವರೆಗೇ ಸಿಗುತ್ತದೆ." "ಈ ಹೋಟೆಲ್ ಮುಂದಿನ ರಸ್ತೆ ರಾತ್ರಿ ಕತ್ತಲು, ಹೆಂಗಸರಿಗೆ ಬೇಡ." "ಸ್ಟೇಷನ್‌ನ ಪೂರ್ವದ ಬಾಗಿಲಿನಿಂದ ಹೊರಬನ್ನಿ, ಹೋಟೆಲ್ ಎದುರಿಗೇ ಇದೆ." ಮುಂದಿನ ವರ್ಷ ಹೋಟೆಲ್‌ಗಳ ಜೊತೆ ರೇಟ್ ಮಾತಾಡಲು ಕೂತಾಗ, ನನ್ನ ಮುಂದೆ ಮೊದಲು ಇದ್ದದ್ದು ಆ ಚೀಟಿಗಳ ಕಟ್ಟು.